ರೋಮ್‌ನ ಪ್ಯಾಲಟೈನ್ ಗುಡ್ಡದೊಳಗೆ ಕಂಡ ಗುಹೆ: ಪದೇ ಪದೇ ಕೇಳುವ ಪ್ರಶ್ನೆಗಳು

"ರೋಮ್ ಕಟ್ಟಿದ ಅವಳಿ ಮಕ್ಕಳಿಗೆ ತೋಳ ಹಾಲು ಕುಡಿಸಿದ ಗುಹೆ ಸಿಕ್ಕೇಬಿಟ್ಟಿತಂತೆ!" ಈ ಸುದ್ದಿ ಮೊದಲು ಬಂದದ್ದು 2007ರಲ್ಲಿ. ಅವತ್ತಿಂದ ಇವತ್ತಿನವರೆಗೂ ಅದು ಸಾಯುತ್ತಲೇ ಇಲ್ಲ. ಆಗಾಗ ಯಾರೋ ಒಬ್ಬರು ಹೊಸ ಸುದ್ದಿ ಅನ್ನೋ ಹಾಗೆ ಕಳಿಸುತ್ತಾರೆ, ಜೊತೆಗೆ ಚಿಪ್ಪು ಅಂಟಿಸಿದ ಒಂದು ಛಾವಣಿಯ ಫೋಟೊ. ಆಮೇಲೆ ಅವವೇ ಪ್ರಶ್ನೆಗಳು. ನನಗೆ ಬಂದವನ್ನೆಲ್ಲ ಒಂದು ಕಡೆ ಹಾಕಿದ್ದೇನೆ.

ಸುತ್ತಿ ಬಳಸದೆ ಹೇಳಿ. ಆ ಗುಹೆ ಸಿಕ್ಕಿದೆಯಾ, ಇಲ್ಲವಾ?

ಒಂದು ಗುಹೆ ಕಂಡಿರೋದು ನಿಜ. ಅದು ಕಥೆಯಲ್ಲಿ ಬರುವ ಗುಹೆ ಅಂತ ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಸುದ್ದಿಯಲ್ಲಿ ಮೊದಲ ಭಾಗ ಸರಿ, ಎರಡನೇ ಭಾಗ ಅವಸರ. ಇಷ್ಟು ಸಾಕು ಅನ್ನುವವರು ಇಲ್ಲಿಗೆ ನಿಲ್ಲಿಸಬಹುದು. ಆದರೆ ಯಾಕೆ ಒಪ್ಪುವುದಿಲ್ಲ ಅನ್ನೋದರಲ್ಲೇ ಮಜಾ ಇರೋದು.

ಕಥೆಯಲ್ಲಿ ಬರುವ ಆ ಗುಹೆ ಯಾವುದು?

ಅದರ ಹೆಸರು ಲೂಪರ್ಕಾಲ್. ಲ್ಯಾಟಿನ್‌ನಲ್ಲಿ ಲೂಪಸ್ ಅಂದರೆ ತೋಳ. ಕಥೆ ನಿಮಗೆ ಗೊತ್ತಿರಬಹುದು: ಆಲ್ಬಾ ಲೋಂಗಾ ಅನ್ನುವ ಊರಿನ ರಾಜ ನ್ಯೂಮಿಟರ್‌ನನ್ನು ತಮ್ಮ ಅಮ್ಯೂಲಿಯಸ್ ಓಡಿಸಿ ಸಿಂಹಾಸನ ಹತ್ತುತ್ತಾನೆ, ಅಣ್ಣನ ಮಗಳಿಗೆ ಹುಟ್ಟಿದ ಅವಳಿ ಗಂಡುಮಕ್ಕಳನ್ನು ಟೈಬರ್ ನದಿಯಲ್ಲಿ ಬಿಟ್ಟು ಬನ್ನಿ ಅನ್ನುತ್ತಾನೆ, ನದಿಗೆ ಪ್ರವಾಹ ಬಂದಿದ್ದರಿಂದ ಮಕ್ಕಳು ಪ್ಯಾಲಟೈನ್ ಗುಡ್ಡದ ಬುಡದಲ್ಲಿ ಒಂದು ಅತ್ತಿ ಜಾತಿಯ ಮರದ ಹತ್ತಿರ ದಡ ಸೇರುತ್ತವೆ. ಅಲ್ಲಿ ಹೆಣ್ಣು ತೋಳವೊಂದು ಅವಕ್ಕೆ ಹಾಲು ಕುಡಿಸುತ್ತದೆ. ಆಮೇಲೆ ಫೌಸ್ಟ್ಯುಲಸ್ ಅನ್ನುವ ಕುರಿಗಾಹಿ ಮಕ್ಕಳನ್ನು ಮನೆಗೆ ಒಯ್ದು ಸಾಕುತ್ತಾನೆ. ಆ ಮಕ್ಕಳೇ ರೊಮ್ಯುಲಸ್ ಮತ್ತು ರೀಮಸ್. ರೋಮನ್ನರ ಲೆಕ್ಕದಲ್ಲಿ ಊರು ಕಟ್ಟಿದ್ದು ಕ್ರಿ.ಪೂ. 753ರಲ್ಲಿ.

ತೋಳ ಹಾಲು ಕೊಟ್ಟ ಜಾಗ ಅಂತ ರೋಮನ್ನರು ಒಂದು ಗುಹೆಯನ್ನು ತೋರಿಸುತ್ತಿದ್ದರು, ಅಲ್ಲಿ ಪೂಜೆಯನ್ನೂ ಮಾಡುತ್ತಿದ್ದರು. ಕಥೆ ನಿಜವೋ ಸುಳ್ಳೋ, ಆ ಜಾಗ ಮಾತ್ರ ನಿಜವಾಗಿಯೂ ಇತ್ತು. ಇದನ್ನು ನೆನಪಿಡಿ. ಪುರಾತತ್ವಜ್ಞರು ಹುಡುಕುತ್ತಿರುವುದು ತೋಳವನ್ನಲ್ಲ, ರೋಮನ್ನರು ಪೂಜಿಸಿದ ಆ ಜಾಗವನ್ನು.

2007ರಲ್ಲಿ ಅದು ಸಿಕ್ಕಿದ್ದು ಹೇಗೆ? ಹುಡುಕುತ್ತಾ ಹೋಗಿದ್ದರಾ?

ಇಲ್ಲ. ಗುಡ್ಡ ಕುಸಿಯದಂತೆ ನೋಡಿಕೊಳ್ಳೋಕೆ ಹೋಗಿದ್ದರು.

ಪ್ಯಾಲಟೈನ್ ಗುಡ್ಡದ ಮೇಲೆ ಮೊದಲ ಚಕ್ರವರ್ತಿ ಆಗಸ್ಟಸ್‌ನ ಮನೆ ಇದೆ. ಮನೆ ಶಿಥಿಲವಾಗಿತ್ತು. ಗುಡ್ಡವೂ ಹಾಗೆಯೇ: ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲು, ಅದರ ಮೇಲೆ ಎರಡು ಸಾವಿರ ವರ್ಷಗಳ ಕಟ್ಟಡ, ಅದರ ಒಳಗೆ ಸುರಂಗ, ನೆಲಮಾಳಿಗೆ. 2005ರಲ್ಲಿ ಗುಡ್ಡದ ಒಂದು ಹಳೆ ಗೋಡೆ ಕುಸಿದು ಬಿದ್ದು ಎಲ್ಲರಿಗೂ ಎದೆ ಝಲ್ಲೆಂದಿತ್ತು. ಹಾಗಾಗಿ ದುರಸ್ತಿ ಕೆಲಸದ ನಡುವೆ, ಕೆಳಗೆ ಏನಿದೆ, ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಅಂತ ತಿಳಿಯೋಕೆ ನೆಲ ಕೊರೆದು ನೋಡುತ್ತಿದ್ದರು. ಬೋರ್ ಕೊರೆಯುವುದನ್ನು ಹತ್ತಿರ ನಿಂತು ನೋಡಿದವರಿಗೆ ಗೊತ್ತು, ಗಟ್ಟಿ ಕಲ್ಲಲ್ಲಿ ಒದ್ದಾಡುತ್ತಿದ್ದ ಕೊಳವೆ ಒಮ್ಮೆಲೇ ಸರ್ರನೆ ಇಳಿದರೆ ಕೆಳಗೆ ಖಾಲಿ ಜಾಗ ಇದೆ ಅಂತ ಅರ್ಥ. ಇಲ್ಲಿ ನೆಲದಿಂದ ಸುಮಾರು 15–16 ಮೀಟರ್ ಆಳದಲ್ಲಿ ಅಂಥ ಒಂದು ಪೊಳ್ಳು ಸಿಕ್ಕಿತು.

ಆ ತೂತಿನಿಂದ ಒಂದು ಪುಟ್ಟ ಕ್ಯಾಮೆರಾ ಇಳಿಬಿಟ್ಟರು. ವೈದ್ಯರು ಹೊಟ್ಟೆಯೊಳಗೆ ಬಿಡುವ ಎಂಡೋಸ್ಕೋಪ್ ಇದೆಯಲ್ಲ, ಅದರ ಅಣ್ಣ ಅಂದುಕೊಳ್ಳಿ. ಪ್ಯಾಲಟೈನ್‌ನ ಹೊಣೆ ಹೊತ್ತಿದ್ದ ಪುರಾತತ್ವಜ್ಞೆ ಇರೇನೆ ಯಾಕೋಪಿ ಆ ವರ್ಷದ ಜನವರಿಯಲ್ಲೇ ಇದು ಲೂಪರ್ಕಾಲ್ ಇರಬಹುದು ಅಂದಿದ್ದರು. 2007ರ ನವೆಂಬರ್ 20ರಂದು ಇಟಲಿಯ ಸಂಸ್ಕೃತಿ ಸಚಿವ ಫ್ರಾನ್ಸೆಸ್ಕೊ ರುತೆಲ್ಲಿ ಫೋಟೊಗಳನ್ನು ಬಿಡುಗಡೆ ಮಾಡಿದರು. ಆ ದಿನವೇ ಸುದ್ದಿ ಜಗತ್ತೆಲ್ಲ ಸುತ್ತಿತು.

ಕ್ಯಾಮೆರಾಗೆ ಏನು ಕಂಡಿತು?

ಛಾವಣಿ. ನಿಜ ಹೇಳಬೇಕೆಂದರೆ, ಲೆಕ್ಕಕ್ಕೆ ಬರುವಂಥದ್ದು ಅದೊಂದೇ.

ದುಂಡಗಿನ ಕೋಣೆ, ಮೇಲೆ ಗುಮ್ಮಟದಂಥ ಕಮಾನು. ಎತ್ತರ ಸುಮಾರು 7–8 ಮೀಟರ್, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಒಂದು ಭಾಗ ಕುಸಿದಿದೆ. ಕಮಾನಿನ ಮೈಮೇಲೆ ಬಣ್ಣಬಣ್ಣದ ಮೊಸಾಯಿಕ್, ಸಮುದ್ರದ ಚಿಪ್ಪು, ತೂತುತೂತಾದ ಹಗುರ ಪ್ಯೂಮಿಸ್ ಕಲ್ಲು. ಪಟ್ಟೆಪಟ್ಟೆಯಾಗಿ, ಚೌಕಟ್ಟು ಹಾಕಿದ ಹಾಗೆ ಜೋಡಿಸಿದ್ದಾರೆ. ನಟ್ಟ ನಡುವೆ ಒಂದು ಬಿಳಿ ಹದ್ದು.

ಆ ಫೋಟೊ ನೋಡಿದಾಗ ನಾನೂ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ. ಶತಮಾನಗಟ್ಟಲೆ ಕತ್ತಲಲ್ಲಿದ್ದ ಹದ್ದಿನ ಮೇಲೆ ಒಂದು ಪುಟ್ಟ ಲೈಟ್ ಬಿದ್ದಿದೆ. ಆದರೆ ಆ ಫೋಟೊದಲ್ಲಿ ನೆಲ ಇಲ್ಲ, ಬಾಗಿಲಿಲ್ಲ, ಬಲಿಪೀಠ ಇಲ್ಲ, ಒಂದಕ್ಷರ ಬರಹವಿಲ್ಲ. ಒಂದು ಮನೆಯ ಸೂರು ನೋಡಿ ಅದು ದೇವರಮನೆಯೋ ಊಟದ ಮನೆಯೋ ಹೇಳಿ ಅಂದರೆ ಹೇಗೆ? ಇಡೀ ಜಗಳ ಇರೋದು ಇಲ್ಲೇ.

ಇಳಿದು ನೋಡೋಕೆ ಏನು ಕಷ್ಟ?

ಮೇಲಿಂದ ಅಗೆಯೋಣ ಅಂದರೆ ಮೇಲೆ ಇರೋದು ಆಗಸ್ಟಸ್‌ನ ಮನೆ, ಅದರ ಗೋಡೆಗಳ ಮೇಲೆ ಬಣ್ಣ ಮಾಸದ ಚಿತ್ರಗಳಿವೆ. ಒಂದನ್ನು ನೋಡೋಕೆ ಇನ್ನೊಂದನ್ನು ಒಡೆಯೋಕಾಗುತ್ತಾ? ಪಕ್ಕದಿಂದ ಹೋಗೋಣ ಅಂದರೆ ಪ್ರವೇಶದ್ವಾರ ಎಲ್ಲಿದೆ ಅಂತಲೇ ಆಗ ಗೊತ್ತಿರಲಿಲ್ಲ, ಸುದ್ದಿ ಪ್ರಕಟಿಸಿದಾಗಲೂ ಅದನ್ನು ಹುಡುಕುತ್ತಲೇ ಇದ್ದರು. ಒಳಗೆ ಅರೆಕುಸಿದ ಕೋಣೆ ಬೇರೆ. ಮಣ್ಣು ತೆಗೆದರೆ ಉಳಿದ ಕಮಾನು ನಿಲ್ಲುತ್ತದೆ ಅನ್ನೋಕೆ ಏನು ಗ್ಯಾರಂಟಿ? ಪುರಾತತ್ವದಲ್ಲಿ ಅಗೆಯುವುದು ಒಂದೇ ಸಲ ಆಗುವ ಕೆಲಸ, ತಪ್ಪಾಯಿತು ಅಂತ ಮಣ್ಣನ್ನು ಪದರಪದರವಾಗಿ ವಾಪಸ್ ಹಾಕೋಕಾಗುವುದಿಲ್ಲ.

ಇದೇ ಲೂಪರ್ಕಾಲ್ ಅಂದವರು ಯಾವ ಆಧಾರದ ಮೇಲೆ ಅಂದರು? ಸುಮ್ನೆ ಸುದ್ದಿಗೋಸ್ಕರವಾ?

ಹಾಗೇನಿಲ್ಲ, ಅವರ ಕೈಲೂ ಗಟ್ಟಿ ಮಾತುಗಳಿವೆ.

ಮೊದಲನೆಯದು ಆಗಸ್ಟಸ್. ಈ ಮನುಷ್ಯನಿಗೆ ರೊಮ್ಯುಲಸ್ ಹುಚ್ಚು ಸ್ವಲ್ಪ ಜಾಸ್ತಿಯೇ ಇತ್ತು. ಕ್ರಿ.ಪೂ. 27ರಲ್ಲಿ ಅವನಿಗೆ ಹೊಸ ಬಿರುದು ಕೊಡುವ ಮಾತು ಬಂದಾಗ ರೊಮ್ಯುಲಸ್ ಅನ್ನುವ ಹೆಸರೂ ಚರ್ಚೆಗೆ ಬಂದಿತ್ತು, ಕೊನೆಗೆ ಆಗಸ್ಟಸ್ ಅಂತ ಆಯಿತು. ಅವನು ಮನೆ ಮಾಡಿಕೊಂಡದ್ದು ಪ್ಯಾಲಟೈನ್ ಮೇಲೆ, ರೊಮ್ಯುಲಸ್‌ನ ಗುಡಿಸಲು ಅಂತ ರೋಮನ್ನರು ಕಾಪಾಡಿಕೊಂಡು ಬಂದಿದ್ದ ಜಾಗದ ಹತ್ತಿರ. ಅಷ್ಟೇ ಅಲ್ಲ, ತಾನು ಮಾಡಿದ ಕೆಲಸಗಳ ಪಟ್ಟಿಯನ್ನು ಅವನೇ ಬರೆಸಿದ್ದ, ಅದರ ಕಲ್ಲಿನ ಪ್ರತಿ ಇವತ್ತಿಗೂ ಟರ್ಕಿಯ ಅಂಕಾರಾದಲ್ಲಿ ಗೋಡೆಯ ಮೇಲಿದೆ. ಕಟ್ಟಿಸಿದ ಕಟ್ಟಡಗಳ ಸಾಲಿನಲ್ಲಿ ಲೂಪರ್ಕಾಲ್ ಹೆಸರೂ ಬರುತ್ತದೆ. ಅಂದರೆ ಅವನ ಕಾಲದಲ್ಲಿ ಅದು ಬರೀ ಗುಹೆಯಾಗಿ ಉಳಿದಿರಲಿಲ್ಲ, ಕಟ್ಟಿ ಅಲಂಕರಿಸಿದ ಗುಡಿಯಾಗಿತ್ತು. ಈಗ ಅವನ ಮನೆಯ ಕೆಳಗೇ ಒಂದು ಅಲಂಕರಿಸಿದ ಗುಹೆ, ಅದರ ನೆತ್ತಿಯಲ್ಲಿ ಚಕ್ರವರ್ತಿಯ ಗುರುತಾದ ಹದ್ದು. ಯಾರಿಗಾದರೂ ಎರಡೂ ಎರಡು ನಾಲ್ಕು ಅನ್ನಿಸುತ್ತದೆ.

ಎರಡನೆಯದು ಆಂದ್ರೆಯಾ ಕರಂದೀನಿ ಅವರ ಬೆಂಬಲ. ಇಟಲಿಯ ದೊಡ್ಡ ಪುರಾತತ್ವಜ್ಞರು. ಪ್ಯಾಲಟೈನ್‌ನ ಉತ್ತರದ ಇಳಿಜಾರಿನಲ್ಲಿ 1988ರಲ್ಲಿ ಒಂದು ಗೋಡೆಯನ್ನು ಅಗೆದು ತೆಗೆದು, ಅದು ಕ್ರಿ.ಪೂ. 8ನೇ ಶತಮಾನದ್ದು ಅಂದವರು. ಕಥೆಯ ಪ್ರಕಾರ ಊರು ಹುಟ್ಟಿದ ಕಾಲವೂ ಅದೇ. ದಂತಕಥೆಯನ್ನು ಪೂರ್ತಿ ತಳ್ಳಿಹಾಕಬೇಡಿ, ಅದರೊಳಗೆ ನಿಜದ ತಿರುಳಿದೆ ಅನ್ನುವುದು ಅವರ ನಿಲುವು. ಅವರಿಗೆ ಈ ಗುಹೆ ದೊಡ್ಡ ಸಂಭ್ರಮವೇ ಆಯಿತು.

ಹಾಗಿದ್ದರೆ ಅಲ್ಲ ಅಂದವರ ವಾದ ಏನು?

ಆಡ್ರಿಯಾನೊ ಲಾ ರೆಜಿನಾ ಅಂತ ಒಬ್ಬರು, 1976ರಿಂದ 2004ರವರೆಗೆ ರೋಮ್‌ನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಫೌಸ್ಟೊ ಜೇವಿ, ಆಗ ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ಹೆನ್ನರ್ ಫಾನ್ ಹೆಸ್ಬರ್ಗ್, ಆಗ ರೋಮ್‌ನಲ್ಲಿರುವ ಜರ್ಮನ್ ಪುರಾತತ್ವ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಮೂವರೂ ಈ ಗುರುತು ಸರಿಯಿಲ್ಲ ಅಂದರು. ಜಾಗವೂ ಹೊಂದುವುದಿಲ್ಲ, ಶೈಲಿಯೂ ಹೊಂದುವುದಿಲ್ಲ ಅನ್ನೋದು ಅವರ ಮಾತು.

ಜಾಗದ ವಿಚಾರ ಕೇಳಿ. ಆಗಸ್ಟಸ್‌ನ ಕಾಲದಲ್ಲೇ ರೋಮ್‌ನಲ್ಲಿದ್ದ ಗ್ರೀಕ್ ಇತಿಹಾಸಕಾರ ಡಯೊನೀಸಿಯಸ್ ಲೂಪರ್ಕಾಲ್ ಬಗ್ಗೆ ಬರೆದಿಟ್ಟಿದ್ದಾನೆ. ನಮಗೆ ದಾರಿ ಹೇಳುವ ಹಾಗೆಯೇ ಹೇಳುತ್ತಾನೆ: ಗುಹೆ ಪ್ಯಾಲಟೈನ್‌ಗೆ ಒತ್ತಿಕೊಂಡಿದೆ, ಸರ್ಕಸ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಒಳಗಿಂದ ಒರತೆಯ ನೀರು ಹರಿದು ಬರುತ್ತದೆ, ಹತ್ತಿರದಲ್ಲೇ ಎರಡು ಮಕ್ಕಳಿಗೆ ಮೊಲೆ ಕೊಡುತ್ತಿರುವ ತೋಳದ ಹಳೆ ಕಂಚಿನ ಮೂರ್ತಿ ಇದೆ. ಮೊದಲು ಅಲ್ಲಿ ದಟ್ಟ ಮರಗಳಿದ್ದವಂತೆ, ಅವನ ಕಾಲಕ್ಕೆ ಸುತ್ತ ಮನೆಗಳೆದ್ದು ಹಳೆಯ ಚಹರೆ ಗುರುತು ಸಿಗುವುದೇ ಕಷ್ಟವಾಗಿತ್ತಂತೆ. ಇಲ್ಲಿ ಸರ್ಕಸ್ ಅಂದರೆ ರಥದ ಓಟದ ಮೈದಾನ, ಸರ್ಕಸ್ ಮ್ಯಾಕ್ಸಿಮಸ್, ಅದು ಇರೋದು ಗುಡ್ಡದ ಕೆಳಗಿನ ಕಣಿವೆಯಲ್ಲಿ.

ಅಂದರೆ ಲೂಪರ್ಕಾಲ್ ಇರಬೇಕಾದದ್ದು ಗುಡ್ಡದ ಬುಡದಲ್ಲಿ, ರಸ್ತೆ ಪಕ್ಕದಲ್ಲಿ, ಬೀದಿಯಲ್ಲಿ ಹೋಗುವವನೂ ತಿರುಗಿ ನೋಡುವಂಥ ಕಡೆ. ಕಥೆಯೂ ಅದನ್ನೇ ಹೇಳುತ್ತದೆ ಅಲ್ವಾ? ಪ್ರವಾಹದ ನೀರು ತಲುಪಿದ್ದು ಬುಡಕ್ಕೇ ಹೊರತು ಗುಡ್ಡದ ಹೊಟ್ಟೆಗಲ್ಲ. ಈಗ ಕಂಡ ಕೋಣೆ ಅರಮನೆಯ ಅಡಿಯಲ್ಲಿ, ಗುಡ್ಡದ ಮೈಯೊಳಗೆ ಹುದುಗಿದೆ. 16 ಮೀಟರ್ ಅಂದರೆ ನಮಗೆ ಪಾತಾಳ ಅನ್ನಿಸಬಹುದು, ಆದರೆ ಅದು ಗುಡ್ಡದ ಮೇಲಿಂದ ಅಳೆದ ಲೆಕ್ಕ. ನಿಜವಾದದ್ದು ಇನ್ನೂ ಕೆಳಗೆ, ನೈರುತ್ಯ ದಿಕ್ಕಿಗೆ, ಇವತ್ತಿನ ಸಾಂತ್ ಅನಸ್ತಾಸಿಯಾ ಚರ್ಚಿನ ಆಸುಪಾಸಿನಲ್ಲಿ ಇರಬೇಕು ಅನ್ನುವ ಮಾತನ್ನೇ ಈಗ ಹೆಚ್ಚಿನವರು ಒಪ್ಪುತ್ತಾರೆ.

ನನಗೆ ಈ ಜಾಗದ ವಾದವೇ ಎಲ್ಲಕ್ಕಿಂತ ತೂಕದ್ದು ಅನ್ನಿಸುತ್ತದೆ. ಶೈಲಿಯ ಬಗ್ಗೆ ವಿದ್ವಾಂಸರು ದಿನಗಟ್ಟಲೆ ಜಗಳ ಆಡಬಹುದು, ಆದರೆ ಕಣ್ಣಾರೆ ಕಂಡವನು ರಸ್ತೆ ಪಕ್ಕ ಅಂದಮೇಲೆ ರಸ್ತೆ ಪಕ್ಕವೇ ಹುಡುಕಬೇಕು.

ಅಷ್ಟು ಚೆಂದದ ಅಲಂಕಾರ ಇದೆಯಲ್ಲ, ಗುಡಿ ಅಲ್ಲದಿದ್ದರೆ ಮತ್ತೇನು?

ತಂಪು ಕೋಣೆ! ಸಿರಿವಂತ ರೋಮನ್ನರಿಗೆ ಮನೆಯೊಳಗೇ ಗುಹೆ ಮಾಡಿಸಿಕೊಳ್ಳುವ ಶೋಕಿ ಇತ್ತು. ನೀರಿನ ಕಾರಂಜಿ ಇಟ್ಟು, ಗೋಡೆಗೆ ಚಿಪ್ಪು ಮತ್ತು ಪ್ಯೂಮಿಸ್ ಕಲ್ಲು ಅಂಟಿಸಿ, ನೈಸರ್ಗಿಕ ಗುಹೆಯ ಹಾಗೆ ಕಾಣುವಂತೆ ಮಾಡುತ್ತಿದ್ದರು. ಇದಕ್ಕೆ ನಿಂಫೇಯಂ ಅನ್ನುತ್ತಾರೆ, ನಿಂಫ್ ಅಂದರೆ ನೀರಿನ ದೇವತೆ. ಹೆಸರಲ್ಲಿ ದೇವತೆ ಇದ್ದರೂ ಆ ಕಾಲಕ್ಕೆ ಅದು ಬಹುಪಾಲು ಬೇಸಿಗೆಯಲ್ಲಿ ಕಾಲು ಚಾಚಿ ಕೂರುವ ಜಾಗ. ಹಾಗಾಗಿ ಚಿಪ್ಪು, ಪ್ಯೂಮಿಸ್, ಮೊಸಾಯಿಕ್ ಮೂರೂ ಒಟ್ಟಿಗೆ ಕಂಡರೆ ರೋಮನ್ ಕಟ್ಟಡ ಬಲ್ಲವರಿಗೆ ಮೊದಲು ಹೊಳೆಯುವುದು ಇದೇ.

ಲಾ ರೆಜಿನಾ, ಜೇವಿ ಮೊದಲಾದವರು ಇದನ್ನು ನೀರೊ ಚಕ್ರವರ್ತಿಯ ಕಾಲದ ನಿಂಫೇಯಂ ಅಥವಾ ನೆಲದಡಿಯ ಊಟದ ಕೋಣೆ ಅನ್ನುತ್ತಾರೆ. ಅಂದರೆ ಆಗಸ್ಟಸ್ ಸತ್ತು ನಾಲ್ಕೈದು ದಶಕ ಆದ ಮೇಲಿನದು. ನೀರೊ ಇದೇ ಗುಡ್ಡದ ಮೇಲೆ ಕಟ್ಟಿಸಿದ ಒಂದು ಅರಮನೆಯಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ ಇಂಥದೇ ವೈಭವದ ಕಾರಂಜಿ ಕೋಣೆ ಇದ್ದದ್ದು ಖಚಿತ. ಆ ಅರಮನೆ ಕ್ರಿ.ಶ. 64ರ ಮಹಾ ಬೆಂಕಿಯಲ್ಲಿ ಹಾಳಾಯಿತು.

ಗುಹೆಯಲ್ಲಿ ಊಟ ಅಂದರೆ ವಿಚಿತ್ರ ಅನ್ನಿಸುತ್ತಾ? ರೋಮ್‌ಗೂ ನೇಪಲ್ಸ್‌ಗೂ ನಡುವೆ ಸಮುದ್ರ ತೀರದಲ್ಲಿ ಸ್ಪೆರ್ಲೊಂಗಾ ಅನ್ನುವ ಊರಿದೆ. ಅಲ್ಲಿ ಆಗಸ್ಟಸ್‌ನ ನಂತರ ಬಂದ ಟೈಬೀರಿಯಸ್ ಸಮುದ್ರದ ಗುಹೆಯನ್ನೇ ಊಟದ ಮನೆ ಮಾಡಿಕೊಂಡಿದ್ದ. ಕ್ರಿ.ಶ. 26ರಲ್ಲಿ ಊಟ ನಡೆಯುತ್ತಿರುವಾಗಲೇ ಮೇಲಿಂದ ಬಂಡೆಗಳು ಉದುರಿ ಕೆಲವು ಸೇವಕರು ಸತ್ತರು, ಸೆಜೇನಸ್ ಅನ್ನುವ ಅಧಿಕಾರಿ ಚಕ್ರವರ್ತಿಯ ಮೇಲೆ ಅಡ್ಡ ಬಾಗಿ ಕಾಪಾಡಿದ. ಮುಂದೆ ಅದೇ ಚಕ್ರವರ್ತಿ ಅವನನ್ನು ಕೊಲ್ಲಿಸಿದ, ಅದು ಬೇರೆ ಕಥೆ.

ಏನು ಸಿಕ್ಕರೆ ಇದು ಗುಡಿ ಅಂತ ಒಪ್ಪುತ್ತಾರೆ?

ನೆಲ ಕಾಣಬೇಕು. ಗುಡಿಯ ಗುಟ್ಟೆಲ್ಲ ನೆಲದಲ್ಲಿರುತ್ತದೆ: ಬಲಿಪೀಠದ ಬುಡ, ಹರಕೆಯ ವಸ್ತು, ಬಲಿಯ ಮೂಳೆ, ನೀರು ಹರಿದ ಕಾಲುವೆ. ಬರಹ ಸಿಕ್ಕರಂತೂ ಹಬ್ಬ. ಇಟ್ಟಿಗೆಯ ಮೇಲಿನ ಮುದ್ರೆ, ಗಾರೆಯ ಗುಣ ನೋಡಿ ಯಾವ ಕಾಲದ್ದು ಅಂತ ಹೇಳುತ್ತಾರೆ.

ಲಂಡನ್‌ನ ಉದಾಹರಣೆ ಕೊಡುತ್ತೇನೆ. 1954ರಲ್ಲಿ ಅಲ್ಲಿ ಬಾಂಬ್ ಬಿದ್ದು ಹಾಳಾದ ಜಾಗದಲ್ಲಿ ಆಫೀಸ್ ಕಟ್ಟಡ ಕಟ್ಟುವ ಮೊದಲು ಪುರಾತತ್ವಜ್ಞ ಡಬ್ಲ್ಯೂ.ಎಫ್. ಗ್ರೈಮ್ಸ್ ಅಗೆತ ಮಾಡಿಸುತ್ತಿದ್ದರು. ರೋಮನ್ ಕಾಲದ ಉದ್ದನೆಯ ಕಟ್ಟಡವೊಂದು ಸಿಕ್ಕಿತ್ತು, ಗುಡಿಯಂತೆಯೂ ಇತ್ತು, ಆದರೆ ಯಾವ ದೇವರದ್ದು ಅಂತ ಖಚಿತವಿರಲಿಲ್ಲ. ಅಗೆತ ಮುಗಿಯುವ ದಿನ, ಸೆಪ್ಟೆಂಬರ್ 18ರಂದು, ಮಣ್ಣಿನಿಂದ ಅಮೃತಶಿಲೆಯ ಒಂದು ತಲೆ ಮೇಲೆದ್ದಿತು. ಚೂಪು ಟೋಪಿ ಹಾಕಿದ ಯುವಕನ ಮುಖ. ಮಿತ್ರಾಸ್ ದೇವರು! ಆ ಒಂದು ತಲೆ ಬಂದಮೇಲೆ ಅದು ಮಿತ್ರಾಸ್‌ನ ಗುಡಿ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ, ನೋಡೋಕೆ ಜನ ಮೈಲುದ್ದ ಸಾಲು ನಿಂತರು. ಪ್ಯಾಲಟೈನ್ ಗುಹೆಗೆ ಇನ್ನೂ ಅಂಥ ತಲೆ ಸಿಕ್ಕಿಲ್ಲ.

ಒಳಗೆ ಹೋದರೆ ಜಗಳ ಮುಗಿಯುತ್ತೆ ಅಂತೀರಾ?

ಅದೂ ಇಲ್ಲ ಮಾರಾಯ್ರೇ. ರೋಮ್‌ನಲ್ಲೇ ಪೋರ್ತಾ ಮಜೋರೆ ಅನ್ನುವ ಹಳೆ ನಗರದ್ವಾರದ ಹತ್ತಿರ 1917ರಲ್ಲಿ ರೈಲು ಹಳಿಯ ಕೆಳಗೆ ನೆಲ ಕುಸಿದು ಒಂದು ಪೂರ್ತಿ ಸಭಾಂಗಣವೇ ಸಿಕ್ಕಿತು. ಮೂರು ಸಾಲು ಕಮಾನು, ಗೋಡೆ ತುಂಬ ಬಿಳಿ ಗಾರೆಯ ಉಬ್ಬುಚಿತ್ರ, ಅದರಲ್ಲೊಂದು ಕವಯಿತ್ರಿ ಸಾಫೊ ಬಂಡೆಯಿಂದ ಸಮುದ್ರಕ್ಕೆ ಹಾರುವ ಚಿತ್ರ. ಕ್ರಿ.ಶ. 1ನೇ ಶತಮಾನದ್ದು. ಒಳಗೆ ನಡೆದಾಡಬಹುದು, ಪ್ರತಿ ಇಂಚನ್ನೂ ಅಳೆದಾಗಿದೆ. ಆದರೂ ಅದು ಪೈಥಾಗೊರಸ್‌ನ ಅನುಯಾಯಿಗಳ ಗುಟ್ಟಿನ ಪೂಜಾಸ್ಥಳವೋ, ಸಮಾಧಿಯೋ, ಬರೀ ತಂಪು ಕೋಣೆಯೋ ಅಂತ ನೂರು ವರ್ಷ ಕಳೆದರೂ ಒಮ್ಮತವಿಲ್ಲ. ಇಡೀ ಕಟ್ಟಡ ಕಣ್ಣೆದುರು ಇದ್ದಾಗಲೇ ಹೀಗೆ. ಇನ್ನು ಒಂದು ತೂತಿನಿಂದ ಸೂರು ನೋಡಿ ತೀರ್ಪು ಕೊಡುವುದು ಎಂಥ ಧೈರ್ಯ, ನೀವೇ ಯೋಚಿಸಿ.

ಲೂಪರ್ಕಾಲ್‌ನಲ್ಲಿ ಏನು ಪೂಜೆ ನಡೆಯುತ್ತಿತ್ತು?

ಪ್ರತಿ ವರ್ಷ ಫೆಬ್ರವರಿ 15ರಂದು ಲೂಪರ್ಕಾಲಿಯಾ ಅನ್ನುವ ಹಬ್ಬ. ಗ್ರೀಕ್ ಲೇಖಕ ಪ್ಲುಟಾರ್ಕ್ ಇದನ್ನು ವಿವರವಾಗಿ ಬರೆದಿದ್ದಾನೆ.

ಆಡುಗಳನ್ನು ಬಲಿ ಕೊಡುತ್ತಾರೆ, ಒಂದು ನಾಯಿಯನ್ನೂ. ಒಳ್ಳೆ ಮನೆತನದ ಇಬ್ಬರು ಹುಡುಗರನ್ನು ಮುಂದೆ ಕರೆತರುತ್ತಾರೆ. ರಕ್ತ ಮೆತ್ತಿದ ಕತ್ತಿಯನ್ನು ಅವರ ಹಣೆಗೆ ಮುಟ್ಟಿಸುತ್ತಾರೆ. ಕೂಡಲೇ ಇನ್ನೊಬ್ಬರು ಹಾಲಲ್ಲಿ ಅದ್ದಿದ ಉಣ್ಣೆಯಿಂದ ಆ ರಕ್ತವನ್ನು ಒರೆಸುತ್ತಾರೆ. ಒರೆಸಿದ ತಕ್ಷಣ ಹುಡುಗರು ನಗಬೇಕು. ನಗು ಬರಲಿ ಬಿಡಲಿ, ನಗಲೇಬೇಕು, ಅದು ವಿಧಿ. ಯಾಕೆ ನಗಬೇಕು ಅನ್ನೋದಕ್ಕೆ ಬೇಕಾದಷ್ಟು ಊಹೆಗಳಿವೆ. ನನಗೆ ಮಾತ್ರ ಆ ಹುಡುಗರ ಮುಖವೇ ಕಣ್ಮುಂದೆ ಬರುತ್ತದೆ, ಫೆಬ್ರವರಿ ಚಳಿ, ಹಣೆಯಿಂದ ಹಾಲು ಇಳಿಯುತ್ತಿದೆ, ದೊಡ್ಡವರೆಲ್ಲ ಸುತ್ತ ನಿಂತು ನಗು ನಗು ಅಂತ ಕಾಯುತ್ತಿದ್ದಾರೆ.

ಆಮೇಲೆ ಬಲಿಯಾದ ಆಡಿನ ಚರ್ಮವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಸೊಂಟಕ್ಕೊಂದು ತುಂಡು ಸುತ್ತಿಕೊಂಡು, ಹೆಚ್ಚುಕಡಿಮೆ ಬೆತ್ತಲೆಯಾಗಿ ಊರಲ್ಲಿ ಓಡುವುದು. ಎದುರಿಗೆ ಸಿಕ್ಕವರಿಗೆಲ್ಲ ಆ ಪಟ್ಟಿಯಿಂದ ಏಟು. ಹೆಂಗಸರು ತಪ್ಪಿಸಿಕೊಳ್ಳುತ್ತಿರಲಿಲ್ಲ, ಬಸಿರು ನಿಲ್ಲುತ್ತದೆ, ಹೆರಿಗೆ ಸಲೀಸಾಗುತ್ತದೆ ಅಂತ ತಾವೇ ಕೈ ಚಾಚುತ್ತಿದ್ದರು. ಆ ಪಟ್ಟಿಗಳಿಗೆ ಫೆಬ್ರುವಾ ಅನ್ನುತ್ತಿದ್ದರು, ಶುದ್ಧಿ ಮಾಡುವಂಥದ್ದು ಅಂತ ಅರ್ಥ, ಫೆಬ್ರವರಿ ಅನ್ನುವ ಹೆಸರಿನ ಬೇರು ಅಲ್ಲಿದೆ.

ಕ್ರಿ.ಪೂ. 44ರ ಇದೇ ಹಬ್ಬದಲ್ಲಿ ಹೀಗೆ ಓಡುತ್ತಿದ್ದ ಮಾರ್ಕ್ ಆಂಟನಿ, ಕುರ್ಚಿಯಲ್ಲಿ ಕೂತಿದ್ದ ಜೂಲಿಯಸ್ ಸೀಸರ್‌ಗೆ ರಾಜಮುಕುಟ ಕೊಡೋಕೆ ಹೋದ, ಸೀಸರ್ ಬೇಡ ಅಂದ. ಒಂದು ತಿಂಗಳಲ್ಲಿ ಸೀಸರ್ ಕೊಲೆಯಾದ. ಆಗಸ್ಟಸ್ ಬಂದಮೇಲೆ ಗಡ್ಡ ಮೂಡದ ಹುಡುಗರು ಓಡಬಾರದು ಅಂತ ನಿಯಮ ತಂದ. ಕ್ರಿ.ಶ. 5ನೇ ಶತಮಾನದ ಕೊನೆಗೂ ಈ ಹಬ್ಬ ಯಾವುದೋ ರೂಪದಲ್ಲಿ ಉಳಿದಿತ್ತು, ಪೋಪ್ ಮೊದಲನೇ ಗೆಲೇಷಿಯಸ್ ಅದನ್ನು ಖಂಡಿಸಿ ಬರೆದ ಪತ್ರವಿದೆ.

ವ್ಯಾಲೆಂಟೈನ್ಸ್ ಡೇ ಬಂದದ್ದು ಇದರಿಂದಲೇ ಅಂತೆ?

ಫೆಬ್ರವರಿ 14, 15 ಅಕ್ಕಪಕ್ಕ ಬಂದಿದ್ದಕ್ಕೆ ಹುಟ್ಟಿದ ಮಾತು. ಒಂದರಿಂದ ಇನ್ನೊಂದು ಹುಟ್ಟಿತು ಅನ್ನೋಕೆ ಗಟ್ಟಿ ಪುರಾವೆ ಇಲ್ಲ.

ತೋಳ ಮಕ್ಕಳನ್ನು ಸಾಕಿದ್ದನ್ನು ರೋಮನ್ನರೇ ನಂಬಿದ್ದರಾ?

ನಂಬಿದವರೂ ಇದ್ದರು, ಮುಸಿಮುಸಿ ನಕ್ಕವರೂ ಇದ್ದರು. ಇತಿಹಾಸಕಾರ ಲಿವಿ ಕಥೆಯನ್ನೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸುತ್ತಾನೆ: ಆ ಕುರಿಗಾಹಿಯ ಹೆಂಡತಿಯನ್ನೇ ಜನ ಲೂಪಾ ಅನ್ನುತ್ತಿದ್ದರಂತೆ. ಲ್ಯಾಟಿನ್‌ನಲ್ಲಿ ಲೂಪಾ ಅಂದರೆ ಹೆಣ್ಣು ತೋಳ, ಬಾಯಿಮಾತಿನಲ್ಲಿ ಸೂಳೆ ಅಂತಲೂ ಅರ್ಥ. ಎರಡು ಸಾವಿರ ವರ್ಷದ ಹಿಂದೆಯೇ ಇಷ್ಟು ತಮಾಷೆ ಇತ್ತು.

ಆದರೆ ಕಥೆ ಸುಳ್ಳಾದರೂ ಗುಡ್ಡದ ಮೇಲೆ ಜನ ಇದ್ದದ್ದು ಸುಳ್ಳಲ್ಲ. 1948ರಲ್ಲಿ ಪ್ಯಾಲಟೈನ್ ಮೇಲೆ ಗುಡಿಸಲುಗಳ ಗುರುತು ಅಗೆದು ತೆಗೆದರು. ಕಲ್ಲಿನ ನೆಲದಲ್ಲಿ ಕಂಬ ನೆಡೋಕೆ ತೋಡಿದ ಗುಳಿಗಳು. ಕಬ್ಬಿಣ ಯುಗದವು, ಕಥೆ ಹೇಳುವ ಕಾಲಕ್ಕೆ ಹತ್ತಿರದವು.

ಎಲ್ಲ ಕಡೆ ಕಾಣುವ ಆ ಕಂಚಿನ ತೋಳ ಗುಹೆಯ ಹತ್ತಿರ ಇದ್ದದ್ದೇನಾ?

ರೋಮ್‌ನ ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿರುವುದು ತಾನೇ? ಬಹುಶಃ ಅಲ್ಲ. ಅದನ್ನು ಕ್ರಿ.ಪೂ. 5ನೇ ಶತಮಾನದ್ದು ಅಂತ ತುಂಬಾ ಕಾಲ ಹೇಳುತ್ತಿದ್ದರು. 2006ರಲ್ಲಿ ಅದನ್ನು ದುರಸ್ತಿ ಮಾಡಿದ್ದ ಆನ್ನಾ ಮರಿಯಾ ಕರ್ರೂಬಾ, ಇದು ಒಂದೇ ಎರಕದಲ್ಲಿ ಆದದ್ದು, ಪ್ರಾಚೀನರು ಇಷ್ಟು ದೊಡ್ಡ ಮೂರ್ತಿಗಳನ್ನು ತುಂಡುತುಂಡಾಗಿ ಎರಕ ಹೊಯ್ದು ಜೋಡಿಸುತ್ತಿದ್ದರು ಅಂದರು. ಆಮೇಲೆ ನಡೆದ ಕಾರ್ಬನ್ ಪರೀಕ್ಷೆ ಕ್ರಿ.ಶ. 11–12ನೇ ಶತಮಾನದ ಕಡೆ ಬೊಟ್ಟು ಮಾಡಿತು. ಎಲ್ಲರೂ ಇನ್ನೂ ಒಪ್ಪಿಲ್ಲ. ಕೆಳಗಿರುವ ಮುದ್ದು ಮಕ್ಕಳಂತೂ 15ನೇ ಶತಮಾನದಲ್ಲಿ ಸೇರಿಸಿದ್ದು, ಅದರಲ್ಲಿ ತಕರಾರಿಲ್ಲ.

2020ರಲ್ಲಿ ರೊಮ್ಯುಲಸ್‌ನ ಸಮಾಧಿ ಸಿಕ್ಕಿತು ಅಂದರಲ್ಲ, ಅದು ಇದೇನಾ?

ಬೇರೆ. ಅದು ಗುಡ್ಡದ ಆಚೆ, ಹಳೆ ರೋಮ್‌ನ ಮುಖ್ಯ ಚೌಕವಾದ ರೋಮನ್ ಫೋರಂನಲ್ಲಿ, ಹಳೆ ಸೆನೆಟ್ ಕಟ್ಟಡದ ಮೆಟ್ಟಿಲುಗಳ ಕೆಳಗೆ ಸಿಕ್ಕ ನೆಲದಡಿಯ ಕೋಣೆ. ಒಳಗೆ ಸುಮಾರು 1.4 ಮೀಟರ್ ಉದ್ದದ ಕಲ್ಲಿನ ತೊಟ್ಟಿ, ಪಕ್ಕದಲ್ಲಿ ಬಲಿಪೀಠ ಇರಬಹುದು ಅನ್ನಿಸುವ ಒಂದು ದುಂಡು ಕಲ್ಲು. ಕಾಲ ಕ್ರಿ.ಪೂ. 6ನೇ ಶತಮಾನ. ತೊಟ್ಟಿಯಲ್ಲಿ ಮೂಳೆ ಇರಲಿಲ್ಲ. ಪುರಾತತ್ವಜ್ಞ ಜಾಕೊಮೊ ಬೋನಿ 20ನೇ ಶತಮಾನದ ಹೊಸ್ತಿಲಲ್ಲೇ ಇದನ್ನು ಕಂಡು ಬರೆದಿಟ್ಟಿದ್ದ, ಅದರ ಮಹತ್ವ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ರೊಮ್ಯುಲಸ್‌ನ ಹೆಣ ಅಲ್ಲಿದೆ ಅಂತ ಅಗೆದವರೂ ಹೇಳಲಿಲ್ಲ. ರೋಮನ್ನರು ಅವನ ಹೆಸರಲ್ಲಿ ಗೌರವಿಸಿದ ಜಾಗ ಇರಬಹುದು ಅಂದರು ಅಷ್ಟೇ. ಆ "ಇರಬಹುದು" ಸುದ್ದಿಯ ತಲೆಬರಹಕ್ಕೆ ಬರುವಷ್ಟರಲ್ಲಿ ಉದುರಿಹೋಗಿತ್ತು.

ಗುಡಿಗಳು ಅಷ್ಟು ಆಳಕ್ಕೆ ಹೋಗೋದು ಹೇಗೆ? ನೆಲ ನುಂಗಿಬಿಡುತ್ತಾ?

ಗುಡಿ ಕೆಳಗೆ ಹೋಗುವುದಿಲ್ಲ, ಊರು ಮೇಲೆ ಬರುತ್ತದೆ. ರೋಮ್‌ನಲ್ಲಿ ಹಳೆ ಕಟ್ಟಡ ಕೆಡವಿದರೆ ಕಲ್ಲುಮಣ್ಣನ್ನು ದೂರ ಸಾಗಿಸುತ್ತಿರಲಿಲ್ಲ, ಅಲ್ಲೇ ತುಂಬಿ ಮಟ್ಟ ಮಾಡಿ ಮೇಲೆ ಹೊಸದು ಕಟ್ಟುತ್ತಿದ್ದರು. ಬೆಂಕಿ, ಟೈಬರ್‌ನ ಪ್ರವಾಹದ ಹೂಳು ಅದಕ್ಕೆ ಸೇರುತ್ತಿದ್ದವು. ಪ್ಯಾಲಟೈನ್ ಮೇಲೆ ಚಕ್ರವರ್ತಿಗಳು ಒಬ್ಬರ ಅರಮನೆಯನ್ನು ಅಡಿಪಾಯ ಮಾಡಿಕೊಂಡು ಇನ್ನೊಬ್ಬರು ಕಟ್ಟಿದರು. ಕೆಲವು ಮಾತ್ರ ಮೊದಲಿಂದಲೂ ನೆಲದಡಿಯವೇ, ಮಿತ್ರಾಸ್‌ನ ಗುಡಿಗಳ ಹಾಗೆ, ಬೇಕಂತಲೇ ಕತ್ತಲಲ್ಲಿ ಕಟ್ಟಿದವು.

ಹೋದರೆ ನೋಡಬಹುದಾ?

ಆ ಕೋಣೆಯನ್ನು ನೋಡೋಕಾಗುವುದಿಲ್ಲ. ಅದರ ಮೇಲಿರುವ ಆಗಸ್ಟಸ್‌ನ ಮನೆಯ ಚಿತ್ರದ ಕೋಣೆಗಳನ್ನು 2008ರ ಮಾರ್ಚ್‌ನಲ್ಲಿ ಜನರಿಗೆ ತೆರೆದರು, ಕೆಂಪು ಹಳದಿ ಬಣ್ಣಗಳು ನಿನ್ನೆ ಬಳಿದ ಹಾಗಿವೆ. ದುರಸ್ತಿಗೆ ಅಂತ ಆಗಾಗ ಮುಚ್ಚುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗಿ.

ಅಲ್ಲಿಂದ ಇಳಿದು ಸರ್ಕಸ್ ಮ್ಯಾಕ್ಸಿಮಸ್‌ನ ಪಕ್ಕದ ರಸ್ತೆಗೆ ಬನ್ನಿ. ಸಾಂತ್ ಅನಸ್ತಾಸಿಯಾ ಚರ್ಚಿನ ಹತ್ತಿರ ನಿಂತು ಗುಡ್ಡದ ಕಡೆ ತಿರುಗಿ. ಡಯೊನೀಸಿಯಸ್ ಹೇಳಿದ ಗುಹೆ ಇದ್ದರೆ ಇಲ್ಲೇ ಎಲ್ಲೋ, ಕಾಲ ಕೆಳಗೋ ಎದುರಿನ ದಿಬ್ಬದೊಳಗೋ ಇರಬೇಕು. ಅದಕ್ಕೆ ಟಿಕೆಟ್ ಇಲ್ಲ, ಬೋರ್ಡೂ ಇಲ್ಲ.